ಜಾಲಿಮರಕ್ಕೆ ತೂಗಿದ ಚೀಲ

"ಮುಟ್ಟಬೇಡಿ ಸಾಹೇಬ್ರೇ!"

ಗುಮೂರ್ ಕೂಗಿದ್ದು ಬರೀ ಅಭ್ಯಾಸಬಲದಿಂದ. ಕೂಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಪೊಲೀಸ್ ಅಧಿಕಾರಿ ಲೂನಿಸ್ ಜೀಪಿನಿಂದಿಳಿದು ಕೈ ಚಾಚಿ, ಜಾಲಿಮರದ ಕೊಂಬೆಯಿಂದ ಹಸಿರು ಚೀಲವನ್ನು ಬಿಚ್ಚಿ ಕೆಳಗೆ ಎಸೆದಾಗಿತ್ತು. ಮುಳ್ಳು ತರಚಿ ಅವನ ಮುಂಗೈಯಲ್ಲಿ ರಕ್ತ ಬರುತ್ತಿತ್ತು.

"ಯಾಕೆ ಮುಟ್ಟಬಾರ್ದು ಯಜಮಾನ್ರೇ? ಭೂತ ಗೀತ ಇದೆಯಾ?"

"ಮರಕ್ಕೆ ತೂಗಿಹಾಕಿದ್ದು ಇಟ್ಟುಹೋದವರ ಸೊತ್ತು. ಅವರೇ ಬಂದು ತಗೊಳ್ಳೋವರ್ಗೂ ನಮ್ಮಲ್ಲಿ ಯಾರೂ ಕೈ ಹಚ್ಚಲ್ಲ. ನಮ್ಮಪ್ಪನ ಕಾಲದಲ್ಲಿ ಒಂದು ಒಂಟೆ ಜೀನು ಮೂರು ವರ್ಷ ಹೀಗೇ ತೂಗಾಡ್ತಿತ್ತು."

"ಆಮೇಲೆ?"

"ಆಮೇಲೇನು? ಯಜಮಾನ ಬಂದ, ತಗೊಂಡ, ಹೋದ."

"ಮಹಾ ಸತ್ಯವಂತರು ಕಣ್ರೀ ನೀವು," ಎಂದ ಲೂನಿಸ್. ಅವನು ಈ ಮರಳುಗಾಡಿನವನಲ್ಲ, ಉತ್ತರದ ಕಡಲತೀರದವನು. ಅವನ ಊರಲ್ಲಿ ಅಂಗಳದಲ್ಲಿ ಬಿಟ್ಟ ಚಪ್ಪಲಿಯೂ ಬೆಳಗಾಗುವುದರೊಳಗೆ ಮಾಯವಾಗುತ್ತದಂತೆ, ಅದನ್ನು ಅವನೇ ನಗುತ್ತಾ ಹೇಳಿಕೊಳ್ಳುತ್ತಿದ್ದ. ಇವತ್ತು ನಗಲಿಲ್ಲ.

ಇಲ್ಲಿನ ಪುರಾತನ ಬಂಡೆಚಿತ್ರಗಳನ್ನು ನೋಡಲು ಬೆಲ್ಜಿಯಂನಿಂದ ಬಂದಿದ್ದ ಚಿತ್ರಕಲಾ ಮೇಡಂ ಓದೀಲ್ ಕಾಣೆಯಾಗಿ ಅಂದಿಗೆ ಏಳನೆಯ ದಿನ. ಅವರನ್ನು ಕರೆದುಕೊಂಡು ಹೋಗಿದ್ದ ಗೈಡು ಅಮಾಸ್ತಾನ್, ಗುಮೂರನ ಸ್ವಂತ ಅಕ್ಕನ ಮಗ, ಠಾಣೆಯ ಲಾಕಪ್ಪಿನಲ್ಲಿದ್ದ.

ಮೇಡಂ ಕಣ್ತಪ್ಪಿಸಿ ನಡೆದುಹೋದದ್ದು ಕೆಂಪು ದಿಬ್ಬಗಳ ಹತ್ತಿರ ಎಂದು ಅಮಾಸ್ತಾನ್ ಹೇಳಿಕೆ ಕೊಟ್ಟಿದ್ದ. ಇಪ್ಪತ್ತು ಜನ ನಾಲ್ಕು ದಿನ ಅಲ್ಲಿ ಮರಳು ಜಾಲಾಡಿದರು. ಜಾಡುಗಾರ ಗುಮೂರನೂ ಜಾಲಾಡಿದ. ಒಂದು ಹೆಜ್ಜೆ ಗುರುತೂ ಸಿಗಲಿಲ್ಲ. ಈಗ ಚೀಲ ಸಿಕ್ಕಿದ್ದು ಅಲ್ಲಿಂದ ನಲವತ್ತು ಕಿಲೋಮೀಟರ್ ಈಚೆಗೆ, ತಿನ್ ಅಬ್ಸಗ್ ಎಂಬ ಒಣಹಳ್ಳದಲ್ಲಿ.

ಹುಡುಕಾಟ ಕೈಬಿಟ್ಟು ಮನೆಗೆ ಮರಳುತ್ತಿದ್ದ ಗುಮೂರ್ ಬೆಳಿಗ್ಗೆ ಈ ಮರದ ಕೆಳಗೆ ಬೂಟಿನ ಗುರುತು ಕಂಡ. ಊರ ಕಡೆ ಹೊರಟಿದ್ದ ಲೂನಿಸನ ಜೀಪಿಗೆ ಅಡ್ಡ ನಿಂತು ತಡೆದು ಕರೆತಂದ. ಅಲ್ಲಿಯವರೆಗೆ ಸರಿ.

ಅವನು ಹೇಳದೆ ನುಂಗಿಕೊಂಡದ್ದು ಇಷ್ಟು: ನಾಲ್ಕು ದಿನದ ಹಿಂದೆ, ಹುಡುಕಾಟಕ್ಕೆ ಕರೆ ಬಂದು ಹೊರಟಾಗಲೂ ಅವನು ಇದೇ ಮರದ ಕೆಳಗೆ ಹಾದುಹೋಗಿದ್ದ. ಈ ಚೀಲ ಆಗಲೂ ಇಲ್ಲೇ ಇತ್ತು. ಅವತ್ತು ಅವನು ಚೀಲ ನೋಡಿದ್ದನೇ ಹೊರತು ನೆಲ ನೋಡಿರಲಿಲ್ಲ.

ಲೂನಿಸ್ ಚೀಲದ ಬಾಯಿ ಬಿಚ್ಚಿ ಒಂದೊಂದೇ ಹೊರಗಿಟ್ಟ. ಖಾಲಿ ನೀರಿನ ಬಾಟಲಿ ಎರಡು. ಉಣ್ಣೆಯ ಟೋಪಿ. ಬಣ್ಣದ ಪೆನ್ಸಿಲುಗಳ ಡಬ್ಬಿ. ಖರ್ಜೂರದ ಬೀಜಗಳನ್ನು ಸುತ್ತಿಟ್ಟ ಕಾಗದ. ಕೊನೆಗೆ ರಬ್ಬರ್ ಪಟ್ಟಿ ಹಾಕಿದ ಒಂದು ದಪ್ಪ ನೋಟ್‌ಬುಕ್.

"ಕ್ಯಾಮೆರಾ ಇಲ್ಲ," ಎಂದ. "ಕ್ಯಾಮೆರಾ ಇಲ್ಲದೆ ಬಂದ ಪ್ರವಾಸಿಯನ್ನ ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?"

ಗುಮೂರ್ ಇಲ್ಲವೆಂದು ತಲೆಯಾಡಿಸಿದ. ಲೂನಿಸ್ ಜೀಪಿಗೆ ಒರಗಿ ನೋಟ್‌ಬುಕ್ ತೆರೆದ. ಬರಹ ಫ್ರೆಂಚಿನಲ್ಲಿತ್ತು. ಗುಮೂರನಿಗೆ ಮರಳ ಮೇಲಿನ ಬರಹ ಬಿಟ್ಟರೆ ಬೇರೆ ಓದು ಬಾರದು. ಹಾಗಾಗಿ ಲೂನಿಸ್ ಒಂದೊಂದು ಸಾಲು ಓದಿ ಅವನಿಗೆ ಬಿಡಿಸಿ ಹೇಳತೊಡಗಿದ.

"'ಇಲ್ಲಿಯವರು ಎದುರಾದರೆ ಕುಶಲ ಕೇಳುವುದಕ್ಕೇ ಕಾಲು ಗಂಟೆ. ಹೇಗಿದ್ದೀರಿ, ಮನೆ ಹೇಗಿದೆ, ಆಯಾಸ ಹೇಗಿದೆ, ಚಳಿ ಹೇಗಿದೆ. ಚಳಿಯ ಕುಶಲ ಕೇಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ಸಲ ನಗು ಬಂತು. ಈಗ ನಾನೂ ಕೇಳುತ್ತೇನೆ.'"

ಲೂನಿಸ್ ಪುಟ ತಿರುವಿದ.

"'ಅಮಾಸ್ತಾನ್ ಕೆಂಡದ ಕೆಳಗಿನ ಮರಳಲ್ಲಿ ರೊಟ್ಟಿ ಹೂತು ಬೇಯಿಸುತ್ತಾನೆ. ಹೊರಗೆ ತೆಗೆದು ಪಟಪಟ ತಟ್ಟಿ ಕೊಡವುತ್ತಾನೆ. ಹಲ್ಲಿಗೆ ಒಂದು ಹರಳೂ ಸಿಗಲಿಲ್ಲ. ನಾನು ಮಾಡಿದ ರೊಟ್ಟಿಯಲ್ಲಿ ಹಿಟ್ಟಿಗಿಂತ ಮರಳೇ ಜಾಸ್ತಿ. ಅವನು ಬಿದ್ದು ಬಿದ್ದು ನಕ್ಕ. ಹಾಡುತ್ತಾನೆ ಕೂಡ. ನಾಳೆ ಹಸುಗಳ ಗೋಡೆ ತೋರಿಸು ಎಂದೆ. ಅಲ್ಲೇನೂ ಉಳಿದಿಲ್ಲ, ಬಣ್ಣವೆಲ್ಲ ಹೋಗಿದೆ ಎಂದ.'"

ರೊಟ್ಟಿ ಕೊಡವುವುದನ್ನು ಅಮಾಸ್ತಾನನಿಗೆ ಕಲಿಸಿದ್ದೇ ಗುಮೂರ್. ಅವನಿಗೆ ಗಂಡುಮಕ್ಕಳು ಮೂವರಿದ್ದರು, ಆದರೆ ಈ ಜನರ ಕಟ್ಟಳೆಯಂತೆ ಅವರೆಲ್ಲ ತಮ್ಮ ಸೋದರಮಾವಂದಿರ ಪಾಲು. ಗುಮೂರನ ಹೆಸರು, ಅವನ ಕತ್ತಿ, ಅವನ ವಿದ್ಯೆ ಎಲ್ಲ ಅಕ್ಕನ ಮಗನಿಗೆ. ಹುಡುಗನನ್ನು ಅವನು ತನ್ನ ಮಕ್ಕಳಿಗಿಂತ ಹೆಚ್ಚು ಹಚ್ಚಿಕೊಂಡಿದ್ದ, ಅದನ್ನು ಯಾರ ಮುಂದೂ ಮುಚ್ಚಿಟ್ಟವನೂ ಅಲ್ಲ.

"ಇಲ್ಲಿ ನೋಡಿ, ಕೊನೆಯ ಮೂರು ಪುಟ," ಎಂದು ಲೂನಿಸ್ ದನಿ ತಗ್ಗಿಸಿದ. "'ಭಾನುವಾರ. ನಾನು ದಾರಿ ತಪ್ಪಿದ್ದೇನೆ. ತಪ್ಪು ನನ್ನದೇ. ಯಾರಿಗೂ ಹೇಳದೆ ಒಬ್ಬಳೇ ಹೊರಟೆ. ಗೈಡಿನ ತಪ್ಪೇನೂ ಇಲ್ಲ. ಕಾಲಿಗೆ ಪೆಟ್ಟಾಗಿದೆ, ಊರಲಾಗುವುದಿಲ್ಲ. ದಾರಿಹೋಕರಿಗೆ ಕಾಣಲಿ ಎಂದು ಚೀಲವನ್ನು ಮರಕ್ಕೆ ಕಟ್ಟುತ್ತೇನೆ. ಕಂಡವರು ಖಂಡಿತ ಇಳಿಸಿ ನೋಡುತ್ತಾರೆ.'"

ಗುಮೂರ್ ತಲೆಯೆತ್ತಿ ಖಾಲಿ ಕೊಂಬೆಯನ್ನು ನೋಡಿದ.

"'ಸೋಮವಾರ. ಇವತ್ತು ಒಬ್ಬ ಬಂದ. ಬಿಳಿ ಒಂಟೆ. ಮರದ ಕೆಳಗೆ ನಿಂತು ತಲೆಯೆತ್ತಿ ಚೀಲ ನೋಡಿದ. ನಾನು ಎದುರಿನ ಬಂಡೆಯ ನೆರಳಿನಲ್ಲಿದ್ದೆ. ಅವನು ಎದೆಗೆ ಕೈ ಮುಟ್ಟಿಸಿಕೊಂಡು ಏನೋ ಹೇಳಿ ಹೊರಟುಬಿಟ್ಟ. ಕೂಗೋಣ ಎಂದರೆ ಗಂಟಲಲ್ಲಿ ದನಿ ಇರಲಿಲ್ಲ. ಅವನ ಬೆನ್ನು ಮರೆಯಾಗುವವರೆಗೂ ಕೈ ಬೀಸಿದೆ. ಯಾಕೆ ಮುಟ್ಟಲಿಲ್ಲ? ಮತ್ತೆ ಚೀಲ ಇಳಿಸಿ ಇದನ್ನು ಬರೆದು ಮತ್ತೆ ಕಟ್ಟುತ್ತಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ಗೈಡಿನ ತಪ್ಪೇನೂ ಇಲ್ಲ.' ಅಷ್ಟೇ. ಮುಂದೆ ಖಾಲಿ."

ಲೂನಿಸ್ ತಲೆಯೆತ್ತಿದ. ಮರದ ಆ ಬದಿಯಲ್ಲಿ ಗುಮೂರನ ಒಂಟೆ ಮಂಡಿಯೂರಿ ಮೆಲುಕು ಹಾಕುತ್ತಿತ್ತು. ಸುತ್ತಮುತ್ತಲ ಐದು ಹಳ್ಳಗಳಲ್ಲಿ ಬಿಳಿ ಒಂಟೆ ಇದ್ದದ್ದು ಅದೊಂದೇ.

"ಆ ಬಂಡೆ ಇಲ್ಲಿಂದ ಎಷ್ಟು ದೂರ?" ಎಂದು ಲೂನಿಸ್ ಬಹಳ ಮೆತ್ತಗೆ ಕೇಳಿದ.

"ಎಂಬತ್ತು ಹೆಜ್ಜೆ."

"ಎದೆಗೆ ಕೈ ಇಟ್ಕೊಂಡು ಏನಂದ್ರಿ?"

"ಇಟ್ಟುಹೋದವರು ಕ್ಷೇಮವಾಗಿ ಮರಳಿ ಬರಲಿ ಅಂತ. ಹಾಗನ್ನೋದು ವಾಡಿಕೆ."

ಲೂನಿಸ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಿತ್ತು. ಅವನು ಸಿಗರೇಟು ಹಚ್ಚಿ ಬೇರೆ ಕಡೆ ಮುಖ ತಿರುಗಿಸಿ ನಿಂತ. ಗುಮೂರ್ ಬಂಡೆಯ ಕಡೆ ನಡೆದ.

ನಲವತ್ತು ವರ್ಷ ಅವನು ಕಳೆದುಹೋದ ಒಂಟೆ, ಕಳೆದುಹೋದ ಮನುಷ್ಯ, ಕದ್ದು ಓಡಿದವನು, ಎಲ್ಲರನ್ನೂ ಹುಡುಕಿ ತಂದಿದ್ದ. ಗುಮೂರ್ ಕೈಯಿಟ್ಟರೆ ಸಿಕ್ಕಂತೆಯೇ ಎಂದು ಜನ ಹೇಳುತ್ತಿದ್ದರು. ಸಿಕ್ಕವಳನ್ನೇ ಬಿಟ್ಟುಹೋದ ಜಾಡುಗಾರ! ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು. ಚಳಿಗಾಲ ನಿಜ, ಆದರೂ ಎರಡು ಬಾಟಲಿ ನೀರಿನಲ್ಲಿ ಏಳು ದಿನ ಯಾರೂ ಬದುಕುವುದಿಲ್ಲ.

ಬಂಡೆಯ ಕೆಳಗೆ ಹೆಣ ಇರುತ್ತದೆಂದೇ ಅವನು ಬಗ್ಗಿದ. ಹೆಣ ಇರಲಿಲ್ಲ.

ಗಾಳಿ ತಾಗದ ಮೂಲೆಯಲ್ಲಿ ಬೂಟಿನ ಗುರುತು, ತೆವಳಿದ ಗುರುತು, ಮೇಕೆಗಳ ಗೊರಸು. ಅದರ ನಡುವೆ ಒಂದು ಚಪ್ಪಲಿ ಹೆಜ್ಜೆ. ಮೂರು ದಿನದ ಹಳೆಯದು. ಎಡಗಾಲಿನ ಹೊರಅಂಚು ಆಳಕ್ಕೆ ಒತ್ತಿತ್ತು, ಹೆಬ್ಬೆರಳ ಕಡೆ ತೇಲಿತ್ತು.

ಅದನ್ನು ಓದಲು ಅವನಿಗೆ ಬೆಳಕೂ ಬೇಕಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಾವಿಕಟ್ಟೆಯಿಂದ ಜಾರಿ ಕಾಲು ಮುರಿದುಕೊಂಡ ದಿನದಿಂದ ಅಕ್ಕ ಮಿನಾತಾ ಹಾಗೇ ನಡೆಯುತ್ತಿದ್ದಳು.

ಬಂದ ಹೆಜ್ಜೆ ಹಗುರ. ಹೋದ ಹೆಜ್ಜೆ ಭಾರ, ಹಿಮ್ಮಡಿ ಎರಡು ಬೆರಳಷ್ಟು ಇಳಿದಿತ್ತು. ಪಕ್ಕದಲ್ಲಿ ಬೂಟಿನ ತುದಿ ಅಲ್ಲಲ್ಲಿ ಗೆರೆ ಎಳೆದಿತ್ತು. ಅಕ್ಕ ಮೇಡಮ್ಮನ್ನು ಬೆನ್ನಿಗೆ ಹಾಕಿಕೊಂಡು ಒಯ್ದಿದ್ದಾಳೆ! ಹೆಣವನ್ನು ಯಾರೂ ಬೆನ್ನಿಗೆ ಹಾಕಿಕೊಂಡು ಒಯ್ಯುವುದಿಲ್ಲ.

ಒಯ್ದವಳು ಮೂರು ದಿನ ಯಾರಿಗೂ ಯಾಕೆ ಹೇಳಲಿಲ್ಲ?

ಹಿಂದಿನಿಂದ ಲೂನಿಸನ ಬೂಟಿನ ಸದ್ದಾಯಿತು. ಗುಮೂರ್ ನಿಲುವಂಗಿಯ ಅಂಚನ್ನು ಎಳೆದು ಹೆಜ್ಜೆಗಳ ಮೇಲೆ ಒಮ್ಮೆ ಆಡಿಸಿದ. ಜಾಡು ಓದುವ ಕೆಲಸಕ್ಕೆ ಇಳಿದ ಮೇಲೆ ಅವನು ಜಾಡು ಅಳಿಸಿದ್ದು ಅದೇ ಮೊದಲು.

"ಏನಾದ್ರೂ ಇದೆಯಾ?"

"ಇಲ್ಲ ಸಾಹೇಬ್ರೇ. ಇಲ್ಲಿ ಕೂತಿದ್ದಾರೆ, ಎದ್ದು ಹೋಗಿದ್ದಾರೆ. ಮುಂದೆ ಎಲ್ಲ ಕಲ್ಲು."

"ಹೋಗಲಿ, ಒಂದು ಒಳ್ಳೇದಾಯ್ತು. ನಿಮ್ಮ ಹುಡುಗ ಬಚಾವಾದ. ಅವಳೇ ಬರೆದಿದ್ದಾಳಲ್ಲ." ಲೂನಿಸ್ ನೋಟ್‌ಬುಕ್ಕನ್ನು ಮತ್ತೆ ತೆರೆದ. "ಎರಡು ವಿಷಯ ಮಾತ್ರ ನನಗೆ ಹಿಡಿಸ್ತಿಲ್ಲ. ತಪ್ಪಿಲ್ಲ ಅಂತ ಎರಡೆರಡು ಸಲ ಯಾಕೆ ಬರೀಬೇಕು? ಆಮೇಲೆ ಈ ನಲವತ್ತು ಕಿಲೋಮೀಟರ್. ಪೆಟ್ಟಾದ ಕಾಲಲ್ಲಿ ಅಲ್ಲಿಂದ ಇಲ್ಲಿಗೆ ಹೇಗೆ ಬಂದ್ಳು?"

ಗುಮೂರ್ ಪುಟ ನೋಡಿದ. ಅಕ್ಷರ ಬಾರದಿದ್ದರೂ ಕೈಬರಹದ ನಡಿಗೆ ಅವನಿಗೆ ಕಂಡಿತು. ಮೊದಲಿನ ಪುಟಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡಿದ್ದವು. ಕೊನೆಯ ಮೂರು ಪುಟಗಳಲ್ಲಿ ಬಿಡಿಬಿಡಿಯಾಗಿ, ನಿಧಾನವಾಗಿ ನಿಂತಿದ್ದವು. ಬೇರೆ ಯಾರೋ ಓದುತ್ತಾರೆಂದು ಗೊತ್ತಿದ್ದು ಬರೆದ ಬರಹ. ಹಿಂದೆ ಯಾರೋ ಬರುತ್ತಿದ್ದಾರೆಂದು ಗೊತ್ತಿರುವವರ ಹೆಜ್ಜೆಯೂ ಹೀಗೇ ಇರುತ್ತದೆ.

ಅವನಿಗೆ ಅದು ಕಂಡಿತು. ಕಂಡದ್ದನ್ನು ಅವನು ಪಕ್ಕಕ್ಕೆ ತಳ್ಳಿದ.

"ಕಾಲಿಗೆ ಪೆಟ್ಟಾಗಿದ್ದು ಇಲ್ಲಿಗೆ ಬಂದ ಮೇಲಿರಬೇಕು. ಹೆದರಿದವರು ಎಷ್ಟು ದೂರ ನಡೀತಾರೆ ಅಂತ ನಾನು ನೋಡಿದ್ದೀನಿ."

"ಹುಂ. ನೀವು ಹೇಳಿದ್ರೆ ಸರಿ." ಲೂನಿಸ್ ಸಿಗರೇಟು ಹೊಸಕಿದ. "ಈ ಹಳ್ಳ ನಿಮ್ಮನ್ನ ಬಿಟ್ರೆ ಅಮಾಸ್ತಾನನಿಗೇ ಚೆನ್ನಾಗಿ ಗೊತ್ತು ಅಲ್ವಾ? ಅವನನ್ನ ಬಿಡಿಸಿ ಇಲ್ಲೇ ಹುಡುಕೋಕೆ ಹಚ್ತೀನಿ. ಅವನ ಕಾರು ಠಾಣೆ ಮುಂದೇ ನಿಂತಿದೆ. ಬಿಡೋದಕ್ಕೆ ಯಾರಾದ್ರೂ ಹೊಣೆ ಹೊರಬೇಕು. ನೀವು ಮಾತು ಕೊಡ್ತೀರಾ?"

ಗುಮೂರ್ ಒಂದು ಕ್ಷಣವೂ ಯೋಚಿಸಲಿಲ್ಲ. ಮಗನಿಗೆ ಏನಾದೀತೋ ಎಂದು ಹೆದರಿ ಅಕ್ಕ ಮೇಡಮ್ಮನ್ನು ಎಲ್ಲೋ ಅಡಗಿಸಿದ್ದಾಳೆ, ಮಗ ಹೊರಗೆ ಬಂದರೆ ತಾನಾಗಿ ಕರೆತರುತ್ತಾಳೆ, ಎಲ್ಲ ಗಂಟೂ ಒಟ್ಟಿಗೆ ಬಿಚ್ಚಿಕೊಳ್ಳುತ್ತದೆ ಎಂದು ಅವನು ಆಗಲೇ ಲೆಕ್ಕ ಹಾಕಿದ್ದ. ಸೋದರಮಾವ ಇರುವುದು ಇನ್ನು ಯಾವುದಕ್ಕೆ?

"ನನ್ನ ಅಳಿಯ. ನನ್ನ ತಲೆ ಹೊಣೆ," ಎಂದ.

ಲೂನಿಸ್ ಜೀಪಿನ ವೈರ್‌ಲೆಸ್ಸಿನಲ್ಲಿ ಠಾಣೆಗೆ ಹೇಳಿದ. ಆಮೇಲೆ ಕೆಂಪು ದಿಬ್ಬಗಳ ಹತ್ತಿರ ಡೇರೆ ಕೀಳುತ್ತಿದ್ದ ತನ್ನ ಪೇದೆಗಳನ್ನು ಕರೆತರಲು ಜೀಪು ತಿರುಗಿಸಿದ.

"ನಾನು ಅಕ್ಕನಿಗೆ ಸುದ್ದಿ ಮುಟ್ಟಿಸಿ ಬರ್ತೀನಿ," ಎಂದ ಗುಮೂರ್.

"ಹೋಗಿ, ಹೋಗಿ. ಹೆತ್ತ ಕರುಳು ತಣ್ಣಗಾಗಲಿ."

*

ಮಿನಾತಾಳ ಬಿಡಾರ ಅಲ್ಲಿಂದ ಒಂಟೆಯ ಮೇಲೆ ಒಂದು ಗಂಟೆಯ ದಾರಿ. ಹುಲ್ಲುಜೊಂಡಿನ ಗುಡಿಸಲ ಮುಂದೆ ಮೂರು ಕೋಲು ನಿಲ್ಲಿಸಿ, ಹಾಲು ತುಂಬಿದ ತೊಗಲುಚೀಲ ಕಟ್ಟಿ, ಅವಳು ಬೆಣ್ಣೆಗೆಂದು ತೂಗುತ್ತಿದ್ದಳು. ಅರವತ್ತೆರಡಾದರೂ ತೋಳು ಗಟ್ಟಿ.

"ಬಾರೋ ತಮ್ಮ. ಒಂಟೆ ನಿನ್ನ ಹೊತ್ಕೊಂಡು ಬರ್ತಿದೆಯೋ, ನೀನೇ ಅದನ್ನ ಹೊತ್ಕೊಂಡು ಬರ್ತಿದ್ದೀಯೋ, ದೂರದಿಂದ ಗೊತ್ತೇ ಆಗ್ಲಿಲ್ಲ. ಹೇಗಿದ್ದೀಯ? ಹೆಂಡ್ತಿ ಹೇಗಿದ್ದಾಳೆ? ಆಯಾಸ ಹೇಗಿದೆ? ಚಳಿ ಹೇಗಿದೆ?"

"ಎಲ್ಲ ಕ್ಷೇಮ. ನಿನ್ನ ಚಳಿ ಹೇಗಿದೆ?"

"ಕ್ಷೇಮ. ಒಂಟೆ ಕಾಲು ವಾಸಿಯಾಯ್ತಾ? ನಿನ್ನ ಸೊಸೆ ಹೆತ್ಳಾ? ಬಾವಿ ನೀರು ಮೇಲೆ ಬಂತಾ? ಆ ಕುಂಟ ಹೋತ ಇನ್ನೂ ಇದೆಯಾ?"

ಕುಶಲ ಮುಗಿಯಲೇ ಇಲ್ಲ. ಹೋತದ ಕುಶಲ ಕೇಳುವಷ್ಟು ಅಕ್ಕ ಯಾವತ್ತೂ ಎಳೆದವಳಲ್ಲ. ಗುಮೂರ್ ಕೂತುಕೊಂಡ.

"ಅಕ್ಕ, ತಿನ್ ಅಬ್ಸಗಲ್ಲಿ ನಿನ್ನ ಹೆಜ್ಜೆ ನೋಡ್ದೆ."

"ನನ್ನ ಹೆಜ್ಜೆ ಎಲ್ಲಿಲ್ಲ? ಮೇಕೆ ಕಾಯೋಳು ನಾನು."

"ಬರೋವಾಗ ಹಗುರ ಇತ್ತು. ಹೋಗೋವಾಗ ಭಾರ ಇತ್ತು."

"ಸೌದೆ ಹೊತ್ತಿದ್ದೆ."

"ಸೌದೆ ಬೂಟು ಹಾಕ್ಕೊಳ್ಳಲ್ಲ, ಅಕ್ಕ."

ತೂಗುತ್ತಿದ್ದ ಕೈ ನಿಂತಿತು. ತೊಗಲು ತಾನಾಗಿ ಎರಡು ಸಲ ಆಡಿ ಸುಮ್ಮನಾಯಿತು.

"ಆ ಪೊಲೀಸಿನವನೂ ನೋಡಿದ್ನಾ?"

"ಇಲ್ಲ. ಅಳಿಸಿದೆ."

ಮಿನಾತಾ ತಮ್ಮನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ನೀನೂ ಅಳಿಸೋ ಹಂಗಾಯ್ತಾ ತಮ್ಮ?"

"ಅದು ಬಿಡು. ಬದುಕಿದ್ದಾರಾ?"

"ಬದುಕಿದ್ದಾಳೆ."

ನಾಲ್ಕು ದಿನದ ಹಿಂದೆ ತಾನು ಕೊಂದೆನೆಂದುಕೊಂಡಿದ್ದ ಜೀವ ಇನ್ನೂ ಇದೆ! ಇಲ್ಲಿನ ಗಂಡಸರೆಲ್ಲ ತಲೆ, ಮುಖಕ್ಕೆ ಸುತ್ತಿಕೊಳ್ಳುವ ಮುಸುಕಿನ ಅಂಚಿನಿಂದ ಗುಮೂರ್ ಕಣ್ಣೊರೆಸಿಕೊಂಡ. ಹಾಗೆ ಒರೆಸಿಕೊಳ್ಳುವುದಕ್ಕೆ ಅಕ್ಕನೆದುರು ನಾಚಿಕೆಯೇನೂ ಆಗಲಿಲ್ಲ.

"ಎಲ್ಲಿ?"

"ಮರಿ ಕಟ್ಟೋ ಗವೀಲಿ. ಬೆಳಿಗ್ಗೆ ಸಂಜೆ ಹಾಲು, ಖರ್ಜೂರ ಕೊಟ್ಟು ಬರ್ತೀನಿ. ಕಾಲು ಊದಿ ಕುಂಬಳಕಾಯಿ ಆಗಿದೆ. ಮಾತು ಬರಲ್ಲ ನನಗೆ ಅವಳದ್ದು. ಅವಳಿಗೆ ಬರೋದು ನಮ್ಮ ಕುಶಲ ಒಂದೇ. ನಿನ್ನೆ ಅಷ್ಟು ಜ್ವರದಲ್ಲೂ ಚಳಿ ಹೇಗಿದೆ ಅಂತ ನನ್ನನ್ನೇ ಕೇಳಿದ್ಳು."

"ಇಪ್ಪತ್ತು ಜನ ಮರಳು ಕಚ್ಕೊಂಡು ಬಿದ್ದಿದ್ದಾರೆ ಅಲ್ಲಿ! ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು ನಿನಗೆ? ಮಗನಿಗೆ ಏನಾಗುತ್ತೋ ಅಂತಾನಾ? ಹುಚ್ಚಿ ನೀನು. ಆ ಮೇಡಂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಗೈಡಿನ ತಪ್ಪಿಲ್ಲ ಅಂತ. ಒಂದಲ್ಲ, ಎರಡು ಸಲ."

ಮಿನಾತಾ ನಕ್ಕಳು. ಅಂಥ ನಗುವನ್ನು ಗುಮೂರ್ ಅವಳ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ.

"ಆ ಪುಸ್ತಕ ಮೊದಲು ಯಾರ ಕೈಗೆ ಸಿಗುತ್ತೆ ಅಂತ ಅವಳಿಗೇನೋ ಗೊತ್ತು? ಅವನ ಕೈಗೇ ಸಿಕ್ಕಿದ್ರೆ? ಅವಳು ಬದುಕಿದ್ದಾಳೆ, ಆದ್ರೆ ಏನೂ ಹೇಳಲ್ಲ ಅಂತ ಅವನು ತಿಳ್ಕೊಳ್ಲಿ ಅಂತ ಬರೆದಿದ್ದಾಳೆ ಕಣೋ. ಹೆದರಿದ ಹೆಂಗಸು ಬರೆದಿದ್ದು ಅದು."

"ಯಾರಿಗೆ ಹೆದರಿ?"

ಅವಳು ಗುಡಿಸಲ ಒಳಗೆ ಹೋಗಿ, ಹಿಟ್ಟಿನ ಮೂಟೆಯ ಹಿಂದಿನಿಂದ ಒಂದು ಕ್ಯಾಮೆರಾ ತಂದು ತಮ್ಮನ ಮಡಿಲಲ್ಲಿ ಇಟ್ಟಳು.

"ಇದರಲ್ಲಿ ಈಗ ಏನೂ ಕಾಣಲ್ಲ. ಬೆಳಕು ಸತ್ತುಹೋಗಿದೆ. ಮೊದಲ ದಿನ ಇತ್ತು. ಗುಂಡಿ ಒತ್ತಿ ತೋರಿಸಿದ್ಳು. ಹಸುಗಳ ಗೋಡೆ ಗೊತ್ತಲ್ಲ?"

ಗೊತ್ತಿಲ್ಲದೆ ಏನು? ತಸ್ಸಿಲಿ ಬೆಟ್ಟಗಳ ಬಂಡೆಗಳಲ್ಲಿ ಸಾವಿರಾರು ವರ್ಷ ಹಳೆಯ ಎಷ್ಟೋ ಚಿತ್ರಗಳಿದ್ದವು, ಆದರೆ ಕೆಂಪು, ಬಿಳಿ ಬಣ್ಣದ ಆ ಇಪ್ಪತ್ತೆಂಟು ಹಸುಗಳು ಅವರ ಮನೆತನದವಾಗಿದ್ದವು. ಒಂದೊಂದಕ್ಕೂ ಅಜ್ಜಿ ಹೆಸರಿಟ್ಟಿದ್ದಳು. ಮಕ್ಕಳು ಎಣಿಸಲು ಕಲಿತದ್ದೇ ಅವುಗಳ ಮುಂದೆ ಕೂತು.

"ಕೊಯ್ತಿದ್ರು ಕಣೋ. ಕದ್ದು ಮಾರೋಕೆ ಅಂತ ಯಂತ್ರ ಇಟ್ಕೊಂಡು ಇಬ್ಬರು ಗೋಡೆ ಕೊಯ್ತಿದ್ರು. ಬಾಗಿಲಷ್ಟು ಅಗಲದ ಹಲಗೆ ಎದ್ದು ಬಂದಿತ್ತು. ಅದರ ಮೇಲೆ ಆರು ಹಸು. ಅದನ್ನ ಹಗ್ಗ ಹಾಕಿ ಇಳಿಸ್ತಿದ್ದವನು ಮೂರನೇಯವನು. ಮೈಬೆವರಿಗೆ ಮುಸುಕು ಕಿತ್ತು ಹೆಗಲ ಮೇಲೆ ಎಸ್ಕೊಂಡಿದ್ದ. ನಾನು ಹೆತ್ತ ಮುಖ ಅದು, ಗುಮೂರ್."

ಅಲ್ಲೇನೂ ಉಳಿದಿಲ್ಲ ಎಂದು ಹುಡುಗ ಮೇಡಮ್ಮಿಗೆ ಯಾಕೆ ಹೇಳಿದ್ದನೆಂದು ಗುಮೂರನಿಗೆ ಈಗ ತಿಳಿಯಿತು.

"ಅವಳನ್ನ ಡೇರೇಲಿ ಬಿಟ್ಟು ಹೋಗಿದ್ದ. ಅವಳು ಗೋಡೆ ನೋಡೋ ಆಸೆಗೆ ಒಬ್ಬಳೇ ಹುಡುಕಿಕೊಂಡು ಹೋಗಿದ್ದಾಳೆ, ಪಟ ತೆಗೆದಿದ್ದಾಳೆ. ಅವನು ಅವಳನ್ನ ನೋಡ್ಬಿಟ್ಟ. ಬಿದ್ದೆಯಾ ಅಂತ ಕಾಲು ತೋರಿಸಿ ಕೇಳ್ದೆ. ಅವಳು ಏನು ಮಾಡಿದ್ಳು ಗೊತ್ತಾ?"

ಮಿನಾತಾ ಎರಡೂ ಅಂಗೈಗಳನ್ನು ತಮ್ಮನ ಎದೆಗೆ ಇಟ್ಟು ಒಮ್ಮೆ ಜೋರಾಗಿ ತಳ್ಳಿದಳು. ಅವನು ಹಿಂದಕ್ಕೆ ವಾಲಿ ಮರಳಿಗೆ ಕೈಯೂರಿದ.

"ಹೀಗೆ ಮಾಡಿದ್ಳು."

ಮೇಕೆಯೊಂದು ಬಂದು ಕ್ಯಾಮೆರಾದ ಪಟ್ಟಿ ಮೂಸಿತು. ಮಿನಾತಾ ಅದನ್ನು ಓಡಿಸಿದಳು.

"ಕೊರಕಲಿಗೆ ಬಿದ್ದು ಸತ್ಳು ಅಂದ್ಕೊಂಡು ಬಂದಿದ್ದಾನೆ. ಇಳಿದು ನೋಡೋ ಧೈರ್ಯ ಇರ್ಲಿಲ್ಲ, ಚಿಕ್ಕಂದಿನಿಂದ್ಲೂ ರಕ್ತ ಕಂಡ್ರೆ ಆಗಲ್ಲ ಅವನಿಗೆ. ಇಲ್ಲಿ ಯಾರೂ ಹುಡುಕಬಾರ್ದು ಅಂತ ಕೆಂಪು ದಿಬ್ಬದ ಕಥೆ ಕಟ್ಟಿದ. ಅವಳು ರಾತ್ರಿಯೆಲ್ಲ ತೆವಳಿಕೊಂಡು ಗೋಡೆ ಕೆಳಗಿನ ಹಳ್ಳಕ್ಕೆ ಬಂದಿದ್ದಾಳೆ."

"ನೀನು ಮೂರು ದಿನ..."

"ಹೂಂ, ಮೂರು ದಿನ!" ಅವಳ ದನಿ ಒಡೆಯಿತು. "ಊರಿಗೆ ಹೇಳಿದ್ರೆ ಮಗ ಹೋದ. ಹೇಳದೇ ಇದ್ರೆ ಅವಳು ಹೋದ್ಳು. ದಿನಾ ಬೆಳಿಗ್ಗೆ ಇವತ್ತು ಹೇಳ್ಬಿಡ್ತೀನಿ ಅಂತ ಏಳ್ತೀನಿ. ಹಾಲು ಕುಡಿಸಿ ಹಂಗೇ ವಾಪಸ್ ಬರ್ತೀನಿ. ಎರಡರಲ್ಲಿ ಒಂದನ್ನ ಮಾಡೋ ಶಕ್ತಿ ನನಗೆ ಬರ್ಲೇ ಇಲ್ಲ. ಒಂದೇ ಸಮಾಧಾನ ಏನಪ್ಪಾ ಅಂದ್ರೆ, ಅವನು ಒಳಗಿದ್ದಾನೆ. ಅವನು ಒಳಗಿರೋವರ್ಗೂ ಅವಳು ಉಳ್ದಿರ್ತಾಳೆ. ನಿನ್ನ ದಮ್ಮಯ್ಯ ತಮ್ಮ, ಮಾವ ಅಂತ ಕರುಳು ಮಿಡಿದು ಅವನನ್ನ ಬಿಡಿಸೋಕೆ ಮಾತ್ರ ಹೋಗ್ಬೇಡ."

ಗುಮೂರ್ ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡ. ಅಕ್ಕ ಅದನ್ನು ನೋಡಿದಳು. ಮುಚ್ಚಿಡಲು ಏನೋ ಇದ್ದಾಗಲೇ ತಮ್ಮ ಹಾಗೆ ಮಾಡುವುದೆಂದು ಅವಳಿಗೆ ಗೊತ್ತಿತ್ತು.

"ಏನೋ? ಮುಸುಕು ಇಳಿಸು. ಇಳಿಸಿ ಮಾತಾಡು."

"ಬಿಟ್ಟಾಯ್ತು ಅಕ್ಕ."

"ಯಾರನ್ನ?"

"ಬೆಳಿಗ್ಗೇನೇ. ನಾನೇ ಮಾತು ಕೊಟ್ಟೆ. ಅವನ ಕಾರೂ ಕೊಟ್ಟು ಕಳಿಸಿದ್ದಾರೆ."

ಮಿನಾತಾ ಕೋಲಿಗೆ ಕೈಯಾನಿಸಿ ನಿಧಾನವಾಗಿ ಎದ್ದು ನಿಂತಳು.

"ಬಿಡೋವಾಗ ಅವನಿಗೆ ಏನು ಹೇಳಿದ್ರು?"

"ಚೀಲ ಸಿಕ್ಕಿದೆ. ತಿನ್ ಅಬ್ಸಗಲ್ಲಿ. ಮೇಡಂ ಬದುಕಿರಬಹುದು, ಹುಡುಕು ಅಂತ."

"ಬದುಕಿರಬಹುದು ಅಂದ್ರಾ?"

"ಅಂದ್ರು."

"ಹಳ್ಳದಲ್ಲಿ ಅವಳು ಇಲ್ಲ ಅಂದ್ರೆ ಮನುಷ್ಯರನ್ನ ಮಲಗಿಸೋ ಜಾಗ ಆ ಸುತ್ತಲ್ಲಿ ಒಂದೇ ಇರೋದು. ಅವನಿಗೆ ಗೊತ್ತಿಲ್ವಾ ಅದು? ಅಂಬೆಗಾಲಿಕ್ಕಿದ್ದು ಆ ಗವೀಲೇ."

ಅವಳ ಕಣ್ಣು ತಮ್ಮನನ್ನು ದಾಟಿ ಬಯಲಿನ ಮೇಲೆ ನೆಟ್ಟಿತ್ತು. ಗುಮೂರ್ ತಿರುಗಿ ನೋಡಿದ. ಊರಿನ ಹಾದಿಯಲ್ಲಿ ಧೂಳಿನ ಒಂದು ಗೆರೆ ಎದ್ದಿತ್ತು. ಲೂನಿಸನ ಜೀಪು ಹೋದದ್ದು ಬೇರೆ ದಿಕ್ಕಿಗೆ. ಜಾಲಿಮರದ ಕಡೆ ತಿರುಗಬೇಕಾದ ಕವಲಿನಲ್ಲಿ ಗೆರೆ ತಿರುಗಲಿಲ್ಲ. ನೇರವಾಗಿ ಗುಡ್ಡದ ಕಡೆ ಹೋಯಿತು.

ಗುಮೂರ್ ಒಂಟೆಯ ಬಳಿ ಓಡಿದ. ಗುಡ್ಡದ ಬುಡದವರೆಗೆ ಮಾತ್ರ ಕಾರು ಹೋಗುತ್ತದೆ, ಅಲ್ಲಿಂದ ಗವಿಗೆ ಅರ್ಧ ಗಂಟೆಯ ಕಡಿದಾದ ಏರು. ಹಿಂಬದಿಯ ಅಡ್ಡದಾರಿಯಲ್ಲಿ ಒಂಟೆ ಓಡಿಸಿದರೆ ಇಲ್ಲಿಂದಲೂ ಹೆಚ್ಚುಕಡಿಮೆ ಅಷ್ಟೇ. ಈ ಗಳಿಗೆ ಹೊರಟರೆ ತಲುಪಬಹುದು. ಅವನು ಜೀನಿಗೆ ಕೈ ಹಾಕಿ ಒಂಟೆಯನ್ನು ಎಬ್ಬಿಸಿದ.

ಮೂಗುದಾರ ಬಿಗಿಯಾಯಿತು. ಆ ತುದಿಯಲ್ಲಿ ಮಿನಾತಾ ಇದ್ದಳು.

"ಬಿಡು ಅಕ್ಕ."

"ಅವನು ಹಾಗೆ ಮಾಡಲ್ಲ. ಕ್ಷಮಿಸು ಅಂತ ಕೇಳೋಕೆ ಹೋಗ್ತಿದ್ದಾನೆ. ಅವನ ಮನಸ್ಸು ನನಗೆ ಗೊತ್ತು."

"ಈಗಷ್ಟೇ ನೀನೇ ಹೇಳಿದ್ಯಲ್ಲ!"

"ನಾನು ಏನೋ ಅಂದೆ. ತಿಳಿಯದೆ ಅಂದೆ. ನೀನು ಹೋಗ್ಬೇಡ."

"ಅಕ್ಕ, ಅವರು ಜ್ವರದಲ್ಲಿ ಮಲಗಿದ್ದಾರೆ. ನೀನು ಬೆನ್ನ ಮೇಲೆ ಹೊತ್ತು ತಂದಿದ್ದೀಯ. ಮೂರು ದಿನ ಹಾಲು ಕುಡಿಸಿದ್ದೀಯ!"

"ಗೊತ್ತು. ಎಲ್ಲ ಗೊತ್ತು." ಅವಳು ಅಳುತ್ತಿದ್ದಳು, ಅಳುತ್ತಲೇ ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು. "ನೀನು ಹೋದ್ರೆ ಕಣ್ಣಾರೆ ನೋಡ್ತೀಯ. ಕಣ್ಣಾರೆ ನೋಡಿದವರಿಗೆ ಅವನು ಏನು ಮಾಡ್ತಾನೆ ಅಂತ ಅವಳ ಕಾಲು ನೋಡಿ ತಿಳ್ಕೊಂಡಿದ್ದೀನಿ. ನನಗಿರೋದು ನೀವಿಬ್ಬರೇ ಕಣೋ. ಇಬ್ಬರನ್ನೂ ಒಂದೇ ದಿನ ಕಳ್ಕೋ ಅಂತೀಯಾ?"

ಗುಡ್ಡದ ಬುಡದಲ್ಲಿ ಧೂಳು ನಿಂತಿತು. ಕಾರಿನ ಬಾಗಿಲ ಗಾಜು ಬಿಸಿಲಿಗೆ ಒಮ್ಮೆ ಮಿಂಚಿತು. ಒಬ್ಬ ಮನುಷ್ಯ ಇಳಿದು, ಒಂದು ಕ್ಷಣ ಸುತ್ತ ನೋಡಿ, ಏರತೊಡಗಿದ. ಇಷ್ಟು ದೂರದಿಂದಲೂ ಆ ನಡಿಗೆ ಗುಮೂರನಿಗೆ ಗೊತ್ತಾಯಿತು.

ಅವನು ತೋಳಿಗೆ ಕಟ್ಟಿದ್ದ ಬಾಕು ಎಳೆದು ಹಗ್ಗದ ಮೇಲಿಟ್ಟ. ಮಿನಾತಾ ತನ್ನ ಎರಡೂ ಕೈಗಳನ್ನು ತಂದು ಅದೇ ಜಾಗದಲ್ಲಿ, ಅಲಗಿನ ಕೆಳಗೇ, ಹಗ್ಗವನ್ನು ಹಿಡಿದುಕೊಂಡಳು.

"ಕೊಯ್ಯಿ," ಎಂದಳು.